ಕಂಬಂ ಕಣಿವೆಯ ಸಾರಿಗೆ: ಹೊಗೆಯ ನಿಯಮ, ಇಂಗಾಲದ ನಿಯಮ

ಭಾರತದ ವಾಹನ ನಿಯಮಗಳಲ್ಲಿ ಎರಡನ್ನು ಪರೀಕ್ಷೆಯ ಅಭ್ಯರ್ಥಿಗಳು ಪದೇ ಪದೇ ಅದಲುಬದಲು ಮಾಡುತ್ತಾರೆ. ಭಾರತ್ ಸ್ಟೇಜ್ ಮಾನದಂಡವು ಸಾರಜನಕದ ಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಮತ್ತು ಮಸಿಕಣಗಳಿಗೆ ಮಿತಿ ಹಾಕುತ್ತದೆ. ಕಾರ್ಬನ್ ಡೈಆಕ್ಸೈಡ್‌ಗೆ ಅಲ್ಲ. 2020ರ ಏಪ್ರಿಲ್ 1ರಂದು ದೇಶವು 5ನೇ ಹಂತವನ್ನು ಬಿಟ್ಟು 4ರಿಂದ ನೇರವಾಗಿ 6ಕ್ಕೆ ಜಿಗಿಯಿತು. ಇಂಧನದಲ್ಲಿನ ಗಂಧಕದ ಮಿತಿ ದಶಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು.

ಇಂಗಾಲವನ್ನು ಹಿಡಿತದಲ್ಲಿಡುವುದು ಕೆಫೆ (CAFE, ಕಂಪನಿವಾರು ಸರಾಸರಿ ಇಂಧನ ದಕ್ಷತೆ) ನಿಯಮ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಇದು 2017-18ರಲ್ಲಿ ಜಾರಿಯಾಯಿತು; 2022-23ರಿಂದ ಮಿತಿ ಕಿ.ಮೀ.ಗೆ 113 ಗ್ರಾಂ ಕಾರ್ಬನ್ ಡೈಆಕ್ಸೈಡ್. ಇದು ಪ್ರತಿ ಕಾರಿನದಲ್ಲ, ಕಂಪನಿ ಮಾರಿದ ಎಲ್ಲ ಕಾರುಗಳ ಸರಾಸರಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್ ಹುಟ್ಟುವುದರಿಂದ, ಡೀಸೆಲ್ ಕಾರಿನ ಇಂಗಾಲ ತಗ್ಗಿಸಲು ಮೈಲೇಜ್ ಹೆಚ್ಚಿಸಲೇಬೇಕು.

ಈ ಎರಡು ನಿಯಮಗಳ ನಡುವಿನ ಅಂತರ ಕಂಬಂ ಕಣಿವೆಯಲ್ಲಿ ಕಾಣುತ್ತದೆ. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಕುಮುಳಿ ಘಾಟಿಯ ಬುಡದ ಗೂಡಲೂರು ರಾಷ್ಟ್ರೀಯ ಹೆದ್ದಾರಿ 183ರ ಮೇಲಿದೆ. 2023ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಇಲ್ಲಿನ ಕಂಬಂ ಪನ್ನೀರ್ ದ್ರಾಕ್ಷಿ, ತರಕಾರಿಗಳೆಲ್ಲ ಲಾರಿಯಲ್ಲೇ ಸಾಗುತ್ತವೆ. ಆದರೆ ಕೆಫೆ ಪ್ರಯಾಣಿಕ ಕಾರುಗಳಿಗಷ್ಟೇ ಅನ್ವಯ. ಹೊಸ ಲಾರಿಯ ಹೊಗೆ ಶುದ್ಧವಾದರೂ ಏರುದಾರಿಯ ಡೀಸೆಲ್ ಖರ್ಚಿಗೆ ಕೆಫೆಯ ಅಂಕೆಯಿಲ್ಲ. ಇದು ದೊಡ್ಡ ಕೊರತೆಯೇ ಸರಿ.

ಟನ್ನಿಗೆ ಕಡಿಮೆ ಇಂಧನ ಬೇಡುವ ರೈಲು ಗೂಡಲೂರಿಗಿಲ್ಲ. 2010ರ ಕೊನೆಗೆ ನಿಂತ ಮಧುರೈ–ಬೋಡಿ ಮೀಟರ್‌ಗೇಜ್ ಮಾರ್ಗವು ಬ್ರಾಡ್‌ಗೇಜ್ ಆಗಿ 2022ರಲ್ಲಿ ತೇನಿಯನ್ನೂ 2023ರ ಜೂನ್‌ನಲ್ಲಿ ಬೋಡಿನಾಯಕನೂರನ್ನೂ ತಲುಪಿತು, ಗೂಡಲೂರನ್ನಲ್ಲ.