ಹಳೆಯ ಡ್ರಿಲ್ಲಿಂಗ್ ಯಂತ್ರದ ಸ್ಪಿಂಡಲ್: ದುರಸ್ತಿ ಮತ್ತು ಹೊಂದಾಣಿಕೆ

ಹಲವು ದಶಕ ದುಡಿದ ಮೇಜಿನ ಡ್ರಿಲ್ಲಿಂಗ್ ಯಂತ್ರದಲ್ಲಿ ರಂಧ್ರಗಳು ಅಳತೆ ಮೀರತೊಡಗಿದರೆ, ಸಣ್ಣ ಬಿಟ್‌ಗಳು ಪದೇ ಪದೇ ಮುರಿದರೆ, ಸ್ಪಿಂಡಲ್ ಕೆಟ್ಟಿತೆಂದು ಭಾವಿಸಿ ಯಂತ್ರವನ್ನು ಗುಜರಿಗೆ ಹಾಕುವುದುಂಟು. ಈ ಆತುರ ಸಲ್ಲದು. ದೋಷವು ಎಷ್ಟೋ ವೇಳೆ ಚಕ್‌ನಲ್ಲಿಯೋ ಬೇರಿಂಗ್‌ನಲ್ಲಿಯೋ ಇರುತ್ತದೆ.

ಮೊದಲು ವಿದ್ಯುತ್ ಸಂಪರ್ಕವನ್ನು ಕಡಿದು ಬೆಲ್ಟನ್ನು ತೆಗೆಯಬೇಕು. ಚಕ್‌ನಲ್ಲಿ ನೇರವಾದ ಉಕ್ಕಿನ ಸರಳನ್ನು ಬಿಗಿದು, ಡಯಲ್ ಇಂಡಿಕೇಟರಿನ ಮೊನೆಯನ್ನು ಅದಕ್ಕೆ ತಾಗಿಸಿ, ಸ್ಪಿಂಡಲನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು. ಮುಳ್ಳು ತೋರುವ ಏರಿಳಿತವೇ ಓಲಾಟ. ಮೋರ್ಸ್ ಟೇಪರ್ ಇರುವ ಯಂತ್ರದಲ್ಲಿ ಚಕ್ಕನ್ನು ಅದರ ದಂಡದೊಡನೆ ಹೊರತೆಗೆದು, ಅರ್ಧ ಸುತ್ತು ತಿರುಗಿಸಿ, ಮತ್ತೆ ಕೂರಿಸಿ ಅಳೆಯಬೇಕು. ಉಬ್ಬಿನ ಬಿಂದುವು ಚಕ್‌ನೊಡನೆಯೇ ತಿರುಗಿ ಬಂದರೆ ದೋಷ ಚಕ್ ಅಥವಾ ದಂಡದ್ದು. ಸ್ಪಿಂಡಲಿನ ಅದೇ ಪಾರ್ಶ್ವದಲ್ಲಿ ಉಳಿದರೆ ಮಾತ್ರ ಸ್ಪಿಂಡಲಿನತ್ತ ಗಮನ ಹರಿಸಬೇಕು. ಆಗಲೂ ಟೇಪರಿನ ಒಳಮೈಯನ್ನು ಮೊದಲು ಒರೆಸಿ ನೋಡುವುದು ಲೇಸು. ಅಲ್ಲಿ ಸಿಕ್ಕಿಕೊಂಡ ಒಂದು ಲೋಹದ ಚೂರು ಸಾಕು, ಬಿಟ್ಟಿನ ತುದಿ ಓಲಾಡಲು.

ಸ್ಪಿಂಡಲನ್ನು ಹೊತ್ತು ಮೇಲೆ ಕೆಳಗೆ ಸರಿಯುವ ಕೊಳವೆಗೆ ಕ್ವಿಲ್ ಎಂದು ಹೆಸರು. ಅದನ್ನು ಹೊರತೆಗೆಯುವ ಮುನ್ನ, ಹಿಡಿಕೆಯನ್ನು ಮೇಲಕ್ಕೆ ಮರಳಿಸುವ ಸುರುಳಿ ಸ್ಪ್ರಿಂಗಿನ ಬಿಗಿತವನ್ನು ಹಂತಹಂತವಾಗಿ ಸಡಿಲಿಸಬೇಕು. ಒಮ್ಮೆಗೇ ಬಿಟ್ಟರೆ ಅದು ಬಿಚ್ಚಿಕೊಂಡು ಬೆರಳನ್ನು ಗಾಯಗೊಳಿಸೀತು. ಸ್ಪ್ರಿಂಗ್ ಸಡಿಲವಾದೊಡನೆ ಕ್ವಿಲ್ ಕೆಳಗೆ ಜಾರುವುದರಿಂದ ಮೇಜಿನ ಮೇಲೆ ಮರದ ತುಂಡನ್ನು ಇರಿಸಿರತಕ್ಕದ್ದು.

ಬೇರಿಂಗಿನ ಸಂಖ್ಯೆ ಅದರ ಉಂಗುರದ ಮೇಲೆಯೇ ಇರುತ್ತದೆ. ಉದಾಹರಣೆಗೆ, 6204 ಎಂದಿದ್ದರೆ ಒಳವ್ಯಾಸ 20 ಮಿ.ಮೀ. ಹಳೆಯ ಆಂಗ್ಲ ಯಂತ್ರಗಳಲ್ಲಿ ಅಂಗುಲದ ಅಳತೆಯವೂ ಇರಬಹುದಾದ್ದರಿಂದ ಅಳೆಯದೆ ಕೊಳ್ಳಬಾರದು. ಹೊಸ ಬೇರಿಂಗನ್ನು ಸ್ಪಿಂಡಲಿಗೆ ಏರಿಸುವಾಗ ಒತ್ತಡವು ಒಳ ಉಂಗುರದ ಮೇಲೆ ಮಾತ್ರ ಬೀಳಬೇಕು. ಇದಕ್ಕೆ ತಕ್ಕ ವ್ಯಾಸದ ಕೊಳವೆಯ ತುಂಡು ಸಾಕು. ಹೊರ ಉಂಗುರಕ್ಕೆ ಸುತ್ತಿಗೆಯ ಪೆಟ್ಟು ಕೊಟ್ಟರೆ ಗುಂಡುಗಳ ಗುರುತು ಪಥದಲ್ಲಿ ಮೂಡಿ, ಹೊಸ ಬೇರಿಂಗೂ ಮೊದಲ ದಿನದಿಂದಲೇ ಸದ್ದು ಮಾಡುತ್ತದೆ.

ಹೊಂದಾಣಿಕೆಯ ನಟ್ ಇರುವ ಯಂತ್ರದಲ್ಲಿ, ಸ್ಪಿಂಡಲಿನ ಮೇಲೆ-ಕೆಳಗಿನ ಸಡಿಲಿಕೆ ಇಲ್ಲವಾಗುವಷ್ಟೇ ಅದನ್ನು ಬಿಗಿಯಬೇಕು. ಕೈಯಿಂದ ತಿರುಗಿಸಿದಾಗ ಸ್ಪಿಂಡಲ್ ಎಲ್ಲಿಯೂ ತಡೆಯಬಾರದು. ಅನಂತರ ಕಡಿಮೆ ವೇಗದಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ, ಯಂತ್ರವನ್ನು ನಿಲ್ಲಿಸಿ, ಬೇರಿಂಗ್ ಇರುವೆಡೆ ಮುಟ್ಟಿ ನೋಡಬೇಕು. ಉಗುರುಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ನಟ್ಟನ್ನು ತುಸು ಸಡಿಲಿಸಬೇಕು.

ಇಷ್ಟಾದರೂ ಕೆಳಗಿಳಿಸಿದ ಕ್ವಿಲ್ ಅಕ್ಕಪಕ್ಕಕ್ಕೆ ಅಲುಗಿದರೆ ಎರಕದ ರಂಧ್ರವೇ ಸವೆದಿದೆ ಎಂದರ್ಥ. ಸೀಳು ಬಿಟ್ಟ ತಲೆಯಿರುವ ಯಂತ್ರದಲ್ಲಿ ಪಕ್ಕದ ಬೋಲ್ಟನ್ನು ಬಿಗಿದು ಇದನ್ನು ಸರಿಪಡಿಸಬಹುದು. ಸೀಳಿಲ್ಲದಿದ್ದರೆ ರಂಧ್ರವನ್ನು ಬೋರಿಂಗ್ ಮಾಡಿಸಿ ಬುಷ್ ಕೂರಿಸಬೇಕಾಗುತ್ತದೆ.