ಇಂದಿನ ಧಮ್ಮ ಚಿಂತನೆ: ಜಾತಿ ನಾಯಿ



ಸಮ್ಯಕ್ ಆಜೀವದ ಪಾಠದಲ್ಲಿ ನಾಯಿಮರಿ ಮಾರಾಟದ ಕಾನೂನನ್ನು ಉದಾಹರಣೆಯಾಗಿ ಕೊಟ್ಟಾಗ ಬಳಗದ ಹಿರಿಯರೊಬ್ಬರು ತಡೆದರು: “ಮೇಷ್ಟ್ರೇ, ಮಹಾಡದ ಚೌದಾರ್ ಕೆರೆಯಲ್ಲಿ ನಾಯಿ ನೀರು ಕುಡಿಯಬಹುದಿತ್ತು, ನಮ್ಮ ಜನ ಕುಡಿಯೋ ಹಾಗಿರಲಿಲ್ಲ. ನಾಯಿಗಿರೋ ಕಾನೂನು ನಮಗ್ಯಾಕೆ?” ಈ ಸಿಟ್ಟು ನ್ಯಾಯವಾದದ್ದು. ಆದರೆ ಆ ಕೆರೆಗೆ ನಮ್ಮನ್ನು ಬಿಡದಿದ್ದದ್ದು ನಾಯಿಯಲ್ಲ.

ಪಾಠಕ್ಕೆ ಬರೋಣ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಅಂಗುತ್ತರ ನಿಕಾಯ ಹೇಳುತ್ತದೆ: ಶಸ್ತ್ರ, ಜೀವಿ, ಮಾಂಸ, ಮದ್ಯ, ವಿಷ. ಎರಡನೆಯದಕ್ಕೆ ಪಾಳಿಯಲ್ಲಿ ಸತ್ತವಣಿಜ್ಜಾ ಎಂದು ಹೆಸರು. ಈ ‘ಸತ್ತ’ ನಮ್ಮ ಕನ್ನಡದ ಸತ್ತದ್ದಲ್ಲ, ಬದುಕಿರುವ ಜೀವಿ. ಹಳೆಯ ಅಟ್ಠಕಥೆ ಇದಕ್ಕೆ ಮನುಷ್ಯರ ಮಾರಾಟ ಎಂದು ಅರ್ಥ ಹೇಳುತ್ತದೆ; ದಾಸದಾಸಿಯರನ್ನು ಮಾರುತ್ತಿದ್ದ ಕಾಲ ಅದು. ನಾನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು ಸಕಲ ಜೀವಿಗಳ ಮೇಲಿನ ಕರುಣೆಯದು.

ಈಗ ನಮ್ಮ ಮಾತನ್ನೇ ನೋಡಿ. ದುಡ್ಡು ಕೊಟ್ಟು ತರುವುದು ‘ಜಾತಿ ನಾಯಿ’, ಬೀದಿಯದು ‘ಕಂತ್ರಿ ನಾಯಿ’. ಜಾತಿಯ ಜೀವಾಳ ಒಳವಿವಾಹ ಎಂದು ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ತೋರಿಸಿದರು. ಅದನ್ನು ಕಾಯಲು ಸತಿ, ವಿಧವೆಯರ ಮೇಲಿನ ಕಟ್ಟಳೆ, ಬಾಲ್ಯವಿವಾಹ, ಎಲ್ಲವೂ ಹೆಣ್ಣಿನ ಮೇಲೆಯೇ. ಮನುಷ್ಯರನ್ನೂ ನಾಯಿಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ‘ಶುದ್ಧ ತಳಿ’ಯ ಭಾರ ಅಲ್ಲೂ ತಾಯಿಯ ಮೈಮೇಲೆಯೇ ಬೀಳುತ್ತದೆ. ಬೆದೆಗೆ ಬಂದಾಗಲೆಲ್ಲ ಕೂಡಿಸಿ ಮರಿ ಹಾಕಿಸುವವರಿದ್ದಾರೆ. ಚಪ್ಪಟೆ ಮೂತಿಗಾಗಿಯೇ ಬೆಳೆಸಿದ ಪಗ್ ನಾಯಿಗೆ ಉಸಿರಾಡುವುದೇ ಕಷ್ಟ.

ಕೇಂದ್ರ ಸರ್ಕಾರ 2017ರಲ್ಲಿ ನಾಯಿ ತಳಿ ಬೆಳೆಸುವವರಿಗೂ ಮಾರುವವರಿಗೂ ನಿಯಮ ತಂದದ್ದು ಇದಕ್ಕೇ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ. 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ, ಸತತ ಎರಡು ಬೆದೆಗಳಲ್ಲಿ ಮರಿ ಹಾಕಿಸುವಂತಿಲ್ಲ. 8 ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಿ ಮಾರುವಂತಿಲ್ಲ.

ಬಲ ಎಷ್ಟಿದೆ? 1960ರ ಮೂಲ ಕಾಯ್ದೆಯಲ್ಲಿ ಪ್ರಾಣಿಹಿಂಸೆಗೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಒಂದು ಮರಿಯ ಬೆಲೆ ಸಾವಿರಾರು! ಕಾಗದದ ಮೇಲಿನ ಕಾನೂನು ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸಾರ್ವಜನಿಕ ಕೆರೆಗಳನ್ನು ನಮಗೆ ತೆರೆಯುವ ಬೋಲೆ ಠರಾವು 1923ರಲ್ಲೇ ಪಾಸಾಗಿತ್ತು. ಬಾಬಾಸಾಹೇಬರು ಚೌದಾರ್ ಕೆರೆಗೆ ನಡೆಯಬೇಕಾಗಿ ಬಂದದ್ದು 1927ರ ಮಾರ್ಚ್ 20ರಂದು.

ಮನೆಯಲ್ಲಿ ಮಕ್ಕಳು ಜಾತಿ ನಾಯಿ ಬೇಕೆಂದು ಹಟ ಹಿಡಿದರೆ ಮಾರುವವರ ನೋಂದಣಿ ಪತ್ರ ಕೇಳಿ, ಮರಿಯ ತಾಯಿಯನ್ನು ತೋರಿಸಿ ಅನ್ನಿ. ತೋರಿಸದಿದ್ದರೆ ವಾಪಸ್ ಬನ್ನಿ. ಬೀದಿಯ ಮರಿಯನ್ನು ತಂದು ಸಾಕಿದರೂ ಆದೀತು, ರೇಬಿಸ್ ಲಸಿಕೆ ಮಾತ್ರ ಮರೆಯಬೇಡಿ.

ನಾಳೆಯ ಪಾಠ: ಸಮ್ಯಕ್ ವ್ಯಾಯಾಮ.

ಭವತು ಸಬ್ಬ ಮಂಗಲಂ.