ಕ್ಯಾಮೆರಾ ಕಂಡೊಡನೆ ಬ್ರೇಕ್ ತುಳಿಯಬೇಡಿ

ಲೈಸೆನ್ಸ್ ಕೈಗೆ ಬಂತೆಂದು ಬೆಂಗಳೂರು–ಮೈಸೂರು ಹೆದ್ದಾರಿಗೆ ಕಾರು ಇಳಿಸಿದ್ದೀರಿ, ಸರಿ. ಆದರೆ ಮೇಲೆ ಕ್ಯಾಮೆರಾ ಕಂಡೊಡನೆ ಎದೆ ಧಸಕ್ಕೆಂದು ಕಾಲು ಬ್ರೇಕಿನ ಮೇಲೆ ಬೀಳುತ್ತದಲ್ಲ, ಆ ಚಾಳಿ ಬಿಡಿ. ದಂಡವೆಂದರೆ ಸಾವಿರ ರೂಪಾಯಿ ಹೋದೀತು. ಆದರೆ ನೀವು ತಟ್ಟನೆ ಬ್ರೇಕ್ ತುಳಿದರೆ ಹಿಂದೆ ಬರುವ ಬಸ್ಸಿಗೆ ನಿಮ್ಮ ಭಯ ಗೊತ್ತಾಗಬೇಕಲ್ಲ! ಅಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ. ಮುಳ್ಳು 90ರ ಆಸುಪಾಸಿನಲ್ಲಿರಲಿ, ಎಡಪಥ ಹಿಡಿಯಿರಿ. ಆಮೇಲೆ ಕ್ಯಾಮೆರಾ ಎಲ್ಲಿದ್ದರೇನು? ಇಳಿಜಾರಿನಲ್ಲಿ ಮಾತ್ರ ವೇಗ ತಾನಾಗಿ ಏರುತ್ತದೆ, ಆಗಾಗ ಕಣ್ಣು ಹಾಯಿಸಿ. ಪಕ್ಕದಲ್ಲಿ ಕೂತು ‘ಇನ್ನೂ ಸ್ವಲ್ಪ ಒತ್ತು’ ಎನ್ನುವ ಮಾವಂದಿರಿಗೆ ಕಿವಿಗೊಡಬೇಡಿ.

ಇನ್ನೊಂದು ಮಾತು. ‘ದಂಡ ಬಾಕಿ’ ಎಂದು ಮೊಬೈಲಿಗೆ ಲಿಂಕ್ ಬಂದರೆ ಗಾಬರಿಯಲ್ಲಿ ಒತ್ತಿಬಿಡಬೇಡಿ. ಆ ನೆಪದಲ್ಲಿ ಎಪಿಕೆ ಎಂಬ ಆ್ಯಪ್ ಫೈಲು ಕಳಿಸಿ ಖಾತೆ ಬರಿದು ಮಾಡುವವರಿದ್ದಾರೆ. ಸರ್ಕಾರದ ಪರಿವಾಹನ್ ಇ-ಚಲನ್ ತಾಣಕ್ಕೆ ನೀವೇ ಹೋಗಿ ಗಾಡಿ ನಂಬರು ಹಾಕಿ ನೋಡಿ.